ಒಳಗಿನಿಂದ ಬಿದ್ದ ಪೆಟ್ಟು

ಜಮಖಂಡಿ
೧೪ ಡಿಸೆಂಬರ್ ೨೦೨೪

ಚಿರಂಜೀವಿ ಸೌಭಾಗ್ಯವತಿ ಗಂಗಾಂಬಿಕಾಳಿಗೆ ದೊಡ್ಡಪ್ಪ ಈಶ್ವರನ ಆಶೀರ್ವಾದ.

ಇತ್ತ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಈ ಸಲ ಬೇಡ. ನಿನ್ನ ಗಂಡ ದಶರಥನ ತಲೆಯ ಹೊಲಿಗೆ ಬಿಚ್ಚಿದರೋ ಇಲ್ಲವೋ, ನಿನಗೆ ಮಗ್ಗಲು ಬದಲಿಸಲು ಬರುತ್ತದೋ ಇಲ್ಲವೋ, ಮೊದಲು ಅದನ್ನು ತಿಳಿಸು. ಬರೆಯಲು ತಡವಾಯಿತು, ಸಿಟ್ಟಾಗಬೇಡ. ಅಕ್ಷರ ಕೋಳಿ ಕೆದರಿದಂಗ ಆಗ್ಯಾವ ಅಂತ ನಗಲೂ ಬೇಡ. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಯಾಕೆಂದು ಮುಂದೆ ಹೇಳುತ್ತೇನೆ. ಫೋನ್ ಮಾಡೋಣವೆಂದರೆ ನಿನ್ನ ಫೋನು ನಿಮ್ಮಣ್ಣ ಬಸವಕುಮಾರನ ಕಿಸೆಯಲ್ಲಿದೆ. ಅದಕ್ಕೆ ಈ ಪತ್ರವನ್ನು ನಿಮ್ಮವ್ವನ ಕೈಯಲ್ಲೇ ಕಳಿಸುತ್ತೇನೆ.

ಮುಖ್ಯ ಮಾತು ಮೊದಲು. ಸೋಮವಾರ ನಿಮ್ಮಪ್ಪ ಬಾಳಾಸಾಹೇಬ ಊರ ಹಿರಿಯರನ್ನು ಕರಕೊಂಡು ಬಾಡಗಂಡಿಗೆ, ನಿನ್ನ ಗಂಡನ ಮನೆಗೆ ಬರುವವನಿದ್ದಾನೆ. ಹಣ್ಣು, ಕುಬಸದ ಕಣ, ಪೇಢೆ ಎಲ್ಲ ತರುತ್ತಾರೆ. "ಆದದ್ದಾತು ಮಗಳ, ಅಣ್ಣನ ಮದುವಿ ಹತ್ರ ಬಂತು, ಕೇಸ್ ಹಿಂದಕ್ಕ ತಗೋ" ಅನ್ನುತ್ತಾರೆ. ಗಂಗಾ, ನೀ ರಾಜಿಗೆ ಒಪ್ಪಬೇಡ. ಯಾಕೆ ಒಪ್ಪಬಾರದು ಎಂದು ಹೇಳಲಿಕ್ಕೇ ಇಷ್ಟು ತ್ರಾಸು ಪಟ್ಟು ಬರೆಯುತ್ತಿದ್ದೇನೆ.

ನಿನ್ನನ್ನು ಹೊತ್ತೊಯ್ದ ಮರುದಿನ ಮುಂಜಾನೆ ಬಸವಕುಮಾರ ನಮ್ಮ ಹಳೆ ಅಂಬಾಸಿಡರ್ ಗಾಡಿಯನ್ನು ನನ್ನ ಶೆಡ್ಡಿಗೆ ತಂದ. ನಿನ್ನ ಸುದ್ದಿ ಇನ್ನೂ ನನ್ನ ಕಿವಿಗೆ ಬಿದ್ದಿರಲಿಲ್ಲ. ಡಿಕ್ಕಿಯ ಮುಚ್ಚಳ ನುಗ್ಗುನುರಿಯಾಗಿ ಹಗ್ಗದಲ್ಲಿ ಜೋತುಬಿದ್ದಿತ್ತು.

"ಲೋಕಾಪುರದಾಗ ಕಬ್ಬಿನ ಟ್ರೇಲರ್ ಹಿಂದಕ್ಕ ಬಂದು ಬಡೀತು ದೊಡ್ಡಪ್ಪ. ಮದುವಿಗೆ ಹೆಣ್ಣು ಇದರಾಗ ಬರಬೇಕು. ನೆಟ್ಟಗ ಮಾಡು. ಗುರುತು ಉಳೀಬಾರದು."

"ಟ್ರೇಲರ್ ಏನು ಸಲಾಕಿ ಹಿಡ್ಕೊಂಡು ಬಂದಿತ್ತೇನಲೇ?"

"ನೀ ತಗಡ ನೋಡು. ನನ್ನ ಮಾರಿ ನೋಡಬ್ಯಾಡ."

ಆ ಗಾಡಿ ನಿಮ್ಮಜ್ಜ ಕೊಂಡದ್ದು, ನಿನಗೆ ಗೊತ್ತು. ನಮ್ಮ ಮನೆಗೆ ಬಂದ ಸೊಸೆಯಂದಿರೆಲ್ಲ ಅದರಲ್ಲೇ ಬಂದವರು. ನಿಮ್ಮವ್ವ ರತ್ನಾಬಾಯಿ ಬಂದ ದಿನ ಹಣೆಗೆ ಹೂವಿನ ದಂಡಿ ಕಟ್ಟಿಕೊಂಡು ಹಿಂದೆ ಕೂತು, "ಏನ್ರೀ, ನಿಮ್ಮ ಗಾಡಿ ಗೆಜ್ಜಿ ಕಟ್ಕೊಂಡೈತೇನು?" ಎಂದು ನಿಮ್ಮಪ್ಪನನ್ನು ಕೇಳಿ ನಕ್ಕಿದ್ದಳು. ಹಿಂದೆ ಎಲ್ಲೋ ಗಿಲಗಿಲ ಅನ್ನುತ್ತಿತ್ತು. "ಹಳೀ ಗಾಡಿ, ಸಪ್ಪಳ ಇರೂದ" ಎಂದು ನಿಮ್ಮಜ್ಜ ಮಾತು ಮುಗಿಸಿದ್ದ. ನಾನು ಕೊಲ್ಹಾಪುರದಲ್ಲಿ ತಗಡಿನ ಕೆಲಸ ಕಲಿತು ಬಂದಮೇಲೆ ಗಾಡಿಯ ಬಾಗಿಲು, ಬಾನೆಟ್ಟು ಎಲ್ಲ ನನ್ನ ಕೈಗೆ ಬಿಟ್ಟ. ಡಿಕ್ಕಿಯನ್ನು ಮಾತ್ರ ಸಾಯುವತನಕ ಮುಟ್ಟಗೊಡಲಿಲ್ಲ.

ಮುಚ್ಚಳ ಬಿಚ್ಚಿ ಬೋರಲು ಮಲಗಿಸಿದೆ. ಈ ಕೆಲಸದಲ್ಲಿ ಕಡೆಯ ಪೆಟ್ಟನ್ನು ಮೊದಲು ಬಿಡಿಸಬೇಕು, ಮೊದಲನೆಯದನ್ನು ಕಡೆಗೆ. ತಿರುವುಮುರುವು ಮಾಡಿದರೆ ತಗಡು ಸುಕ್ಕುಗಟ್ಟುತ್ತದೆ. ಅದಕ್ಕೇ ಯಾವುದು ಯಾವುದರ ಮೇಲೆ ಬಿದ್ದಿದೆ ಎಂದು ಬೆರಳಾಡಿಸಿ ನೋಡುತ್ತೇನೆ. ಕಡೆಯವು ಸಲಾಕಿಯ ಪೆಟ್ಟು, ಹೊರಗಿನಿಂದ, ಸಿಟ್ಟಿನಲ್ಲಿ ಕುರುಡಾಗಿ ಹೊಡೆದವು. ಒಂದೆರಡು ಬಿಡಿಸಿದೆ. ಅವುಗಳ ಅಡಿಯಲ್ಲಿ, ಬೀಗದ ಮಗ್ಗುಲಲ್ಲಿ ಇದ್ದವು ಬೇರೆ. ಒಳಗಿನಿಂದ ಹೊರಗೆ ಉಬ್ಬಿದ್ದವು. ದುಂಡಗೆ, ಜೋಡಿಯಾಗಿ. ಹಿಮ್ಮಡದ ಪೆಟ್ಟು. ಟ್ರೇಲರ್ ಡಿಕ್ಕಿಯೊಳಗೆ ಕೂತು ಒದೆಯುವುದಿಲ್ಲ ಮಗಳೇ.

ಸುತ್ತಿಗೆ ಕೆಳಗಿಟ್ಟೆ. ಅಷ್ಟರಲ್ಲಿ ನಿಮ್ಮವ್ವ ಬರಿಗಾಲಲ್ಲಿ ಓಡಿ ಬಂದಳು.

"ಭಾವಾರ, ಅದನ್ನ ಮುಟ್ಟಬ್ಯಾಡ್ರೀ! ನನ್ನ ಮಗಳನ್ನ ಅದರಾಗ ತುಂಬ್ಯಾನ್ರೀ!"

ಮುಂಜಾನೆ ಮನೆಗೆ ಪೊಲೀಸರು ಬಂದಿದ್ದರಂತೆ. ಗಾಡಿ ವಿಜಯಪುರಕ್ಕೆ ಹೋಗಿದೆ ಎಂದು ನಿಮ್ಮಪ್ಪ ಸುಳ್ಳು ಹೇಳಿ ಕಳಿಸಿದನಂತೆ. ಪೊಲೀಸರ ಬಾಯಿಂದ ಕೇಳಿದ್ದನ್ನೆಲ್ಲ ನಿಮ್ಮವ್ವ ಎದೆ ಬಡಕೊಂಡು ಹೇಳಿದಳು. ಫ್ಯಾಕ್ಟರಿ ಪಾಳಿ ಮುಗಿಸಿ ಬಂದ ದಶರಥನ ತಲೆಗೆ ಹೊಸ್ತಿಲಲ್ಲೇ ಸಲಾಕಿ ಬಿದ್ದದ್ದು. ಆ ರಕ್ತದ ಮೇಲೇ ನಿನ್ನನ್ನು ಜಡೆ ಹಿಡಿದು ಎಳೆದದ್ದು. ಬಾಯಿಗೆ ಟವೆಲ್ ತುರುಕಿ, ಮುಧೋಳದ ಕಡೆಯ ತೋಟದ ಮನೆಗೆ ಒಯ್ಯಲು ಡಿಕ್ಕಿಗೆ ಹಾಕಿ ಮುಚ್ಚಿದ್ದು. ಲೋಕಾಪುರದಲ್ಲಿ ಕಬ್ಬಿನ ಗಾಡಿಗಳ ಸಾಲಿನ ಹಿಂದೆ ನಿಂತಾಗ ನೀ ಒದ್ದು ಒದ್ದು ಬೀಗ ಕಿತ್ತು, ಚಹಾದಂಗಡಿಯ ಮಂದಿಯ ನಡುವೆ ಬಿದ್ದದ್ದು. ಮಂದಿ ನಿನ್ನನ್ನು ಸುತ್ತುಗಟ್ಟಿ ಕಾಯ್ದುಕೊಂಡಾಗ ಅವನು ಆ ಸಿಟ್ಟನ್ನೆಲ್ಲ ಮುಚ್ಚಳದ ಮೇಲೆ ತೀರಿಸಿಕೊಂಡದ್ದು.

ನಿಮ್ಮವ್ವ ಹೇಳುತ್ತಿರುವಾಗಲೇ, ಗಾಡಿ ಬಿಟ್ಟು ಹೋಗಿದ್ದ ಬಸವಕುಮಾರ ತಿರುಗಿ ಬಂದ.

"ಯಾಕ ಕೈಕಟ್ಟಿ ಕುಂತಿ? ಬಡಿ!"

"ಬಡಿಯೂದಿಲ್ಲ. ಇದು ನಿನ್ನ ತಂಗಿ ಹಿಮ್ಮಡ. ಇದು ಹಿಂಗ ಇರತೈತಿ."

"ತಂಗಿ ಸತ್ತಾಳ. ನಮ್ಮನ್ನ ಮೀರಿ ಲಗ್ನಾದ ದಿನಾನ ಸೂತಕದ ನೀರು ಹಾಕ್ಕೊಂಡೇವಿ."

"ನಿಮ್ಮ ನೀರಿಗೆ ಬೆಂಕಿ ಬೀಳಲಿ," ಅಂದಳು ನಿಮ್ಮವ್ವ. ಮೂವತ್ತು ವರ್ಷದಲ್ಲಿ ಮನೆಯ ಗಂಡಸರ ಮೇಲೆ ಆಕೆ ದನಿ ಎತ್ತಿದ್ದು ನಾನು ಕೇಳಿರಲಿಲ್ಲ. ಅವನು ಹೆತ್ತ ತಾಯಿಯನ್ನು ಎದೆಗೆ ಕೈಯಿಟ್ಟು ನೂಕಿದ. ಆಕೆ ಗಾಲಿಗಳ ರಾಶಿಯ ಮೇಲೆ ಹೋಗಿ ಬಿದ್ದಳು. ನಾನು ಅಡ್ಡ ಬಂದೆ. ನನ್ನ ಬಲಗೈ ಎಳೆದು ಕಬ್ಬಿಣದ ಗಟ್ಟಿಯ ಮೇಲೆ ಅದುಮಿ, ನನ್ನದೇ ಸುತ್ತಿಗೆ ಎತ್ತಿದ.

"ಕಡೀ ಸಲ ಕೇಳ್ತೇನಿ. ಬಡೀತಿಯೋ ಇಲ್ಲೋ?"

"ನಿನ್ನ ತೊಟ್ಟಿಲಾ ತೂಗಿದ ಕೈ ಐತಿ ಇದು. ನೋಡ್ಕೊಂಡು ಹೊಡಿ," ಅಂದೆ.

ನೋಡಿಕೊಂಡೇ ಹೊಡೆದ. ಮೂರು ಬೆರಳು ಹೋದವು. ಮೊದಲನೆಯದಕ್ಕೆ ನೋವು ಗೊತ್ತಾಯಿತು, ಆಮೇಲಿನವಕ್ಕೆ ಬರೀ ಸಪ್ಪಳ ಕೇಳಿತು. "ಬ್ಯಾರೆ ಡೆಂಟರನ್ನ ಕರಕೊಂಡು ಬರ್ತೇನಿ, ಇಲ್ಲೇ ಬಿದ್ದಿರು ಮುದಿಯಾ" ಎಂದು ಹೋದ.

ನಿಮ್ಮವ್ವ ಎದ್ದು ಸೆರಗಿನ ಅಂಚು ಹರಿದು ನನ್ನ ಕೈ ಕಟ್ಟಿದಳು. ಆಮೇಲೆ ಮುಚ್ಚಳದ ಒಂದು ತುದಿ ಹಿಡಿದು ನಿಂತಳು. "ಅಳೂದು ಆಮ್ಯಾಲ. ಎತ್ರೀ ಭಾವಾರ." ದೊಡ್ಡಸ್ತನದ ಮನೆಯ ಸೊಸೆ, ಬಜಾರದಲ್ಲಿ ತಲೆ ಎತ್ತಿ ನಡೆದವಳಲ್ಲ. ಅವತ್ತು ಒಂದು ಕಡೆ ಆಕೆ, ಒಂದು ಕಡೆ ನನ್ನ ಎಡಗೈ. ಟೆಂಪೋದಲ್ಲಿ ಹಾಕಿಕೊಂಡು ಲೋಕಾಪುರದ ಠಾಣೆಗೆ ಒಯ್ದು ಇಳಿಸಿದೆವು. ಫೌಜದಾರರು "ಏನಜ್ಜಾ ಇದು?" ಅಂದರು. "ನನ್ನ ಮಗಳ ಕಾಲ್ರೀ" ಎಂದಳು ನಿಮ್ಮವ್ವ.

ಮುಚ್ಚಳ ಅಲ್ಲಿದೆ. ಇನ್ನು ಯಾರೂ ಅದನ್ನು ನೆಟ್ಟಗೆ ಮಾಡಲಾರರು. ಆದರೆ ನೀ ರಾಜಿಯಾದರೆ ಅದು ಗುಜರಿ ಸೇರುತ್ತದೆ, ಅವನು ಬೇರೆ ಮುಚ್ಚಳ ಹಾಕಿಸಿ ಮದುವೆ ಹೆಣ್ಣನ್ನು ಅದೇ ಗಾಡಿಯಲ್ಲಿ ಕರೆತರುತ್ತಾನೆ. ಆ ಹುಡುಗಿಯೂ ಯಾರದೋ ಮಗಳು.

ನೀನು ಮದುವೆಯಾದ ಸುದ್ದಿ ಬಂದಾಗ "ನಿಮ್ಮತ್ತಿ ಶೇವಂತಿ ಹಂಗ ಆದಿ ನೋಡು" ಎಂದು ನಾನು ನಕ್ಕಿದ್ದು ನೆನಪಿದೆಯಾ? ನಿಮ್ಮವ್ವ ಈ ಮನೆಗೆ ಬರುವುದಕ್ಕೂ ಮೊದಲು, ನನ್ನ ತಂಗಿ ಬನಹಟ್ಟಿಯ ನೇಕಾರನ ಜೋಡಿ ಪುಣೆಗೆ ಓಡಿಹೋದಾಗ ನಾನು ಕೊಲ್ಹಾಪುರದಲ್ಲಿದ್ದೆ. ಬರುವಷ್ಟರಲ್ಲಿ ಮನೆಯವರು ಆಕೆಯ ಹೆಸರಿನಲ್ಲಿ ನೀರು ಹಾಕಿಕೊಂಡು ಮುಗಿಸಿದ್ದರು. ನಾನು ಮಾತ್ರ ಪ್ರತಿ ಪಂಚಮಿಗೂ ಗುಳೇದಗುಡ್ಡದ ಒಂದು ಕಣ ತಂದು ಟ್ರಂಕಿನಲ್ಲಿ ಇಡುತ್ತಾ ಬಂದೆ. ತವರಿಗೆ ಬಂದರೆ ಬರಿಗೈಲೆ ಕಳಿಸಬಾರದಲ್ಲ ಎಂದು. ಆ ಟ್ರಂಕನ್ನು ನಿಮ್ಮವ್ವನ ಜೋಡಿ ನಿನಗೆ ಕಳಿಸುತ್ತಿದ್ದೇನೆ. ಕುಬಸ ಹೊಲಿಸಿಕೊಂಡು ತೊಡು.

ದಶರಥನಿಗೆ ಬಿಸಿ ರೊಟ್ಟಿ, ಹಾಲು ತಪ್ಪಿಸಬೇಡ. ನಿಮ್ಮವ್ವನನ್ನು ಈ ಮನೆಗೆ ತಿರುಗಿ ಕಳಿಸಬೇಡ. ನೀವಿಬ್ಬರೂ ಕಣ್ಣ ಮುಂದೆ ನೂರು ವರ್ಷ ಬಾಳಿರಿ. ನಿನ್ನ ಕಾಲಿಗೆ ಬಲವಿರಲಿ.

ನಿನ್ನ ದೊಡ್ಡಪ್ಪ,
ಈಶ್ವರ

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಅವತ್ತು ಬೆರಳಾಡಿಸುವಾಗಲೇ ನಿನ್ನ ಹಿಮ್ಮಡದ ಗುರುತಿನ ಅಡಿಯಲ್ಲಿ ಬಣ್ಣ ಒಡೆದು ಹಳೆ ಪುಟ್ಟಿ ಉದುರಿತು. ಅದರ ಕೆಳಗೆ ಇನ್ನೊಂದು ಜೋಡಿ ಉಬ್ಬು ಇತ್ತು. ಅದೇ ಜಾಗ, ಒಳಗಿನಿಂದಲೇ, ನಿನ್ನವಕ್ಕಿಂತ ಸಣ್ಣವು. ಯಾರೋ ಹಳೆಯ ಕಾಲದಲ್ಲಿ ಅವಸರದಲ್ಲಿ ಬಡಿದು ಮುಚ್ಚಿದ್ದು. ಮುಚ್ಚಳದ ಒಳಪದರದ ಟೊಳ್ಳಿನಿಂದ ಒಂದು ಬೆಳ್ಳಿ ಗೆಜ್ಜೆ ಉರುಳಿ ಅಂಗೈಗೆ ಬಿತ್ತು. ಕೊಲ್ಹಾಪುರದ ಹತ್ತಿರದ ಹುಪರಿಯಿಂದ ನಾನೇ ಶೇವಂತಿಗೆ ತಂದ ಕಾಲುಚೈನಿನದು. ನಿಮ್ಮಪ್ಪನ ಮುಂದೆ ಹಿಡಿದೆ. "ಅಣ್ಣಾ, ಅವತ್ತ ನಾ ಗಾಡಿ ಅಷ್ಟ ನಡಿಸೇನಿ, ಉಳಿದದ್ದೆಲ್ಲಾ ಅಪ್ಪಂದು" ಅಂದ.

ನನ್ನ ತಂಗಿ ಓಡಿಹೋಗಿರಲಿಲ್ಲ ಗಂಗಾ. ಆಕೆ ಒದ್ದಾಗ ಮುಚ್ಚಳ ತೆರೆಯಲಿಲ್ಲ. ಆದರೆ ಆಕೆ ಒದ್ದ ಕಡೆ ತಗಡು ಸಡಿಲಾಗಿ, ಪುಟ್ಟಿಯ ಅಡಿಯಲ್ಲಿ ಇಷ್ಟು ವರ್ಷ ತುಕ್ಕು ತಿಂದು ಕಾದಿತ್ತು. ನೀನು ಒದ್ದಾಗ ಬೀಗ ಕಿತ್ತು ಬಂದದ್ದು ಅಲ್ಲಿಂದಲೇ.

ಗೆಜ್ಜೆ ನನ್ನ ಹತ್ತಿರವಿದೆ. ನೀ ಸಾಕ್ಷಿ ಹೇಳುವ ದಿನ ತರುತ್ತೇನೆ.