ನಾಲ್ಕನೆಯ ಬಟ್ಟೆ ಚೂರು

ನರಸಿಂಹರಾಜಪುರ
೧೫-೨-೨೦೦೬

ಮಂಜಪ್ಪನಿಗೆ ಅಬ್ದುಲ್ ಸಲಾಮನ ನಮಸ್ಕಾರ.

ನಾನೂ ಮೆಹರ್ ಬಾನುವೂ ಇದ್ದೇವೆ. ನಿನ್ನ ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ, ಹಿಟ್ಟಿನ ಗಿರಣಿಯೂ ನಡೆಯುತ್ತಿದೆ ಎಂದು ಶೆಟ್ಟಿಕೊಪ್ಪದ ಬಸ್ಸಿನವರು ಹೇಳುತ್ತಾರೆ. ಅರ್ಧ ಗಂಟೆಯ ದಾರಿಗೆ ಕಾಗದ ಬರೆಯುತ್ತಾನಲ್ಲ ಎಂದು ನಗಬೇಡ. ಎರಡು ಸಲ ಬಸ್ಸು ಹತ್ತಿ ಇಳಿದುಬಿಟ್ಟೆ. ಇಪ್ಪತ್ತನಾಲ್ಕು ವರ್ಷ ತಡವಾದ ಕಾಗದಕ್ಕೆ ಹೇಗೆ ಕ್ಷಮೆ ಕೇಳಬೇಕೋ ಗೊತ್ತಿಲ್ಲ. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವನು, ತಪ್ಪಿದ್ದರೆ ತಿದ್ದಿಕೊಂಡು ಓದು.

ಜಯಪುರದ ಪರಮೇಶ್ವರಪ್ಪನವರ ಮಾರಿಸ್ ಕಾರು ನನ್ನ ಗ್ಯಾರೇಜಿಗೆ ಬಂದಿದೆ. ಅದೇ ಕಾರು. ನಾವಿಬ್ಬರೂ ಎಂಜಿನ್ ಕಟ್ಟಿಕೊಟ್ಟ ಮೂರನೇ ದಿನ, ಅವರ ಮಗಳು ಗಂಗಾಂಬಿಕೆಯನ್ನು ಮದುವೆಗೆ ಕರೆದೊಯ್ಯುವಾಗ, ಕಿಗ್ಗದ ಏರಿನಲ್ಲಿ ಎಂಜಿನ್ ಬಿಗಿಹಿಡಿದು ನಿಂತಿತಲ್ಲ. ಹುಡುಗಿ ಸೀರೆ ಎತ್ತಿಕೊಂಡು ಲಾರಿ ಹತ್ತಿ ಹೋಗಬೇಕಾಯಿತು. ಸುದ್ದಿ ತಿಳಿದು ನಾವು ಅಲ್ಲಿಗೆ ಹೋದಾಗ ದಿಬ್ಬಣದವರು ಸುತ್ತ ನಿಂತು, "ಯಾರ ಕೆಲ್ಸ ಇದು?" ಎಂದರು. "ಬೇರಿಂಗ್ ಬಿಗಿಸಿದ್ದು ಮಂಜಪ್ಪ. ಅವನ ಕೈ ಕಬ್ಬಿಣ, ಬಿಗಿ ಜಾಸ್ತಿಯಾಗಿದೆ" ಎಂದವನು ನಾನು. ನೀನು ಬಾಯಿ ತೆರೆಯಲಿಲ್ಲ. ಆ ವಾರವೇ ಗ್ಯಾರೇಜು ಬಿಟ್ಟೆ, ಆಮೇಲೆ ಎಂಜಿನ್ ಕೆಲಸವನ್ನೇ ಬಿಟ್ಟೆ.

ಈಗ ಗಂಗಾಂಬಿಕೆಯ ಮಗಳು ಕೃತಿಕಾಳ ಮದುವೆ. ಅದೇ ಕಾರಿನಲ್ಲಿ ಮೊಮ್ಮಗಳನ್ನು ಕರೆದೊಯ್ಯಬೇಕೆಂದು ಅಜ್ಜನ ಹಠ.

ಅಂದು ಎಂಜಿನ್ ತಣ್ಣಗಾದ ಮೇಲೆ ಬಿಟ್ಟುಕೊಂಡಿತ್ತಂತೆ, ಆದರೆ ಒಳಗಿನ ಟಕಟಕ ಸದ್ದು ಹೋಗಲಿಲ್ಲವಂತೆ. ಆ ಸದ್ದು ಹುಡುಕಲು ನಮ್ಮ ನಂತರ ಯಾರ್ಯಾರೋ ಕೈ ಹಾಕಿದ್ದಾರೆ. ಒಬ್ಬ ಹೆಡ್ಡಿನ ಗ್ಯಾಸ್ಕೆಟ್ಟನ್ನು ಉಲ್ಟಾ ಕೂರಿಸಿ ನೀರಿನ ದಾರಿ ಮುಚ್ಚಿದ್ದಾನೆ. ಇನ್ನೊಬ್ಬ ಬೇರೆ ಯಾವುದೋ ಗಾಡಿಯ ಕಾರ್ಬುರೇಟರನ್ನು ತಂತಿ ಸುತ್ತಿ ನಿಲ್ಲಿಸಿದ್ದಾನೆ. ಮತ್ತೊಬ್ಬ ಮಹಾಶಯ ಸೋರುವ ಪೆಟ್ರೋಲ್ ಟ್ಯಾಂಕಿಗೆ ಸೋಪು ಮೆತ್ತಿ ಮನೆಗೆ ಹೋಗಿದ್ದಾನೆ. ಸದ್ದು ಕೆಳಗೆ, ಇವರ ಸ್ಪ್ಯಾನರ್ ಮೇಲೆ. ಕೆಳಭಾಗ ಬಿಚ್ಚಿದವನು ಒಬ್ಬನೂ ಇಲ್ಲ. ಬೇರಿಂಗ್ ಬೋಲ್ಟಿನ ಪಿನ್ನುಗಳ ತುದಿ ನೀನು ಮಡಿಸಿದ ಹಾಗೇ ಇದ್ದವು, ವೀಳ್ಯದೆಲೆ ಮಡಿಸಿದಷ್ಟು ನಾಜೂಕಾಗಿ. ಬಿಚ್ಚುವ ಮೊದಲು ಒಂದೊಂದನ್ನೂ ಪರೀಕ್ಷೆ ಮಾಡಿದೆ. ಎಲ್ಲೂ ಬಿಗಿ ಹೆಚ್ಚಿಲ್ಲ. ಸುಟ್ಟಿದ್ದು ಒಂದೇ ಬೇರಿಂಗ್, ಅದಕ್ಕೆ ಆಯಿಲ್ಲೇ ಹೋಗಿಲ್ಲ.

ಇಲ್ಲಿಯವರೆಗೆ ಬರೆಯುವುದರೊಳಗೆ ಮೂರು ಸಲ ಎದ್ದೆ. ಚಹಾ ತಣ್ಣಗಾಯಿತೆಂದು ಹೋಟೆಲಿನ ಬೈರಪ್ಪನಿಗೆ ಬೈದೆ. "ನೀವು ಕುಡೀದಿದ್ರೆ ಅದು ಎಂತ ಮಾಡ್ತದೆ ಸಾಹೇಬ್ರೆ?" ಎಂದ. ಅವನು ಹೇಳಿದ್ದೂ ಸರಿಯೇ.

ಆ ಬೇರಿಂಗಿಗೆ ಆಯಿಲ್ ಹೋಗುವ ತೂತಿಗೆ ತಂತಿ ಹಾಕಿ ಎಳೆದೆ. ಬಟ್ಟೆ ಬಂತು. ಕಸ ಬೀಳಬಾರದೆಂದು ತೂತುಗಳಿಗೆ ಬಟ್ಟೆ ತುರುಕುತ್ತಿದ್ದೆವಲ್ಲ, ಅಂಥ ಚೂರು. ಒಳಕ್ಕೆ ಜಾರಿ ಕೂತಿತ್ತು. ನೀನು ಬಿಳಿ ಪಂಚೆಯ ಚೂರು ಬಿಟ್ಟರೆ ಬೇರೆ ಮುಟ್ಟುತ್ತಿರಲಿಲ್ಲ. ಸೀಮೆಎಣ್ಣೆಯಲ್ಲಿ ತೊಳೆದಾಗ ಇದರಲ್ಲಿ ನೀಲಿ ಚೌಕಳಿ ಕಂಡಿತು. ಮೆಹರ್ ಬಾನು ಬೆಳಕಿಗೆ ಹಿಡಿದು, "ಇದು ನನ್ನ ತವರಿನವರು ನಿಮಗೆ ಕೊಟ್ಟ ಲುಂಗಿ. ನಾನೇ ಹರಿದು ಕೊಟ್ಟಿದ್ದೆ" ಎಂದಳು. "ಮಂಜಣ್ಣಂಗೆ ಗೊತ್ತಾ?" ಎಂದು ಕೇಳಿದಳು. ಚೂರನ್ನು ಅವಳ ಕೈಯಿಂದ ತೆಗೆದುಕೊಂಡೆ.

ಮರುದಿನ ಪರಮೇಶ್ವರಪ್ಪನವರು ಕಾರು ನೋಡಲು ಬಂದು, "ಆ ಮಂಜಪ್ಪ ಬಿಗಿಸಿ ಹಾಳು ಮಾಡಿದ್ದು ಸರಿ ಆಯ್ತಾ?" ಎಂದರು. ಬಟ್ಟೆ ತೋರಿಸಿದೆ. "ತಪ್ಪು ನನ್ನದು. ಈಗ ಗೊತ್ತಾಯ್ತು" ಎಂದೆ. ಅವರು, "ಹೋಗ್ಲಿ ಬಿಡಿ ಮಾರಾಯ್ರೆ, ಹಳೇ ಕತೆ" ಎಂದು ಕೊಡೆ ಎತ್ತಿಕೊಂಡು ಹೊರಟರು. ಅವರಿಗೆ ಹಳೇ ಕತೆ. ನಿನ್ನನ್ನು ಊರು ಇವತ್ತಿಗೂ ಕಾರು ಕೆಡಿಸಿದವನು ಎನ್ನುತ್ತದೆ. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಕೇಳಬೇಡ.

ಎಂಜಿನ್ ಪೂರ್ತಿ ಕಟ್ಟಿದ್ದೇನೆ, ಬೇರಿಂಗ್ ಒಂದನ್ನು ಬಿಟ್ಟು. ಅದನ್ನು ಬಿಗಿಸುವುದು, ಪಿನ್ನು ಮಡಿಸುವುದು ನಿನ್ನ ಕೆಲಸ. ಬರುವ ಸೋಮವಾರ, ನಿನ್ನ ದೇವರ ವಾರ, ಬಂದು ಮಾಡಿಕೊಡು. ಪರಮೇಶ್ವರಪ್ಪನವರನ್ನೂ ಕರೆಯುತ್ತೇನೆ. ನೀನು ಬಾರದಿದ್ದರೆ ಕಾರು ಹಾಗೇ ನಿಂತಿರಲಿ, ಮದುವೆಯವರು ಬೇರೆ ಗಾಡಿ ನೋಡಿಕೊಳ್ಳಲಿ.

ನಿನ್ನ ಮನೆಯಾಕೆ ಅನ್ನಮ್ಮನಿಗೆ ನಮ್ಮಿಬ್ಬರ ನಮಸ್ಕಾರ ಹೇಳು. ನಿನ್ನ ಮಕ್ಕಳು ಮೊಮ್ಮಕ್ಕಳನ್ನು ಅಲ್ಲಾಹನು ನೂರು ವರ್ಷ ನಗುನಗುತ್ತಾ ಇಟ್ಟಿರಲಿ.

ನಿನ್ನ
ಅಬ್ದುಲ್ ಸಲಾಂ

ಮರೆತೆ ಎಂದು ಇದನ್ನು ಕೆಳಗೆ ಬರೆಯುತ್ತಿಲ್ಲ. ಮೇಲೆ ಬರೆಯಲು ಧೈರ್ಯ ಇರಲಿಲ್ಲ.

ಪರಮೇಶ್ವರಪ್ಪನವರಿಗೆ "ಈಗ ಗೊತ್ತಾಯ್ತು" ಎಂದೆನಲ್ಲ, ಅದು ಸುಳ್ಳು. ಎಂಜಿನ್ ಮುಚ್ಚುವಾಗ ನೀನು, "ಸಲಾಂ, ಬಟ್ಟೆ ಎಣಿಸಿದ್ಯಾ?" ಎಂದು ಕೇಳಿದ್ದೆ. ಎಣಿಸಿರಲಿಲ್ಲ. "ನಾಲ್ಕೂ ತೆಗ್ದೆ, ಮುಚ್ಚು ಮಾರಾಯ" ಎಂದೆ. ಕಿಗ್ಗದಿಂದ ವಾಪಸು ಬಂದ ಸಂಜೆ, ತೆಗೆದ ಬಟ್ಟೆ ಹಾಕಿದ್ದ ಡಬ್ಬಿ ಸುರಿದು ಎಣಿಸಿದೆ. ಮೂರೇ ಇದ್ದವು. ಮೂರನ್ನೂ ಒಲೆಗೆ ಹಾಕಿದೆ. ಆ ಏರಿನಲ್ಲಿ, ಜನರ ನಡುವೆ, ನೀನು ನನ್ನ ಮುಖವನ್ನಷ್ಟೇ ನೋಡಿದೆ. ನೀನು ಕೇಳಿದ್ದನ್ನೂ ನಾನು ಹೇಳಿದ್ದನ್ನೂ ಅಂದಿನಿಂದ ನೀನು ಯಾರ ಮುಂದೆಯೂ ಆಡಲಿಲ್ಲ.

ನಾಲ್ಕನೆಯ ಚೂರನ್ನು ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಯಾರಿಗೆ ಬೇಕಾದರೂ ತೋರಿಸು.