ಟೈರ್ ಅಂದ್ರೆ ಟೈರ್ ಅಲ್ವಾ

ಭಾನುವಾರ, ೯ ಮಾರ್ಚ್

ಏನೋ, ಹೇಗಿದ್ದೀಯ?

'ಪ್ರಿಯ' ಅಂತ ಶುರು ಮಾಡಿ ಎರಡು ಹಾಳೆ ಹರಿದು ಹಾಕಿದೆ. ಆ ಪದ ಬರೆದರೆ ಸುಳ್ಳಾಗುತ್ತೆ, ಬಿಟ್ಟರೆ ಜಗಳವಾಗುತ್ತೆ. ಆದ್ದರಿಂದ ಬರೀ ಕ್ಷೇಮ ವಿಚಾರಿಸಿದ್ದೇನೆ, ಅಷ್ಟೇ ಅಂದುಕೋ.

ನಿನ್ನ ಮೆಸೇಜು ಬಂತು. 'ನಾಲ್ಕು ಟೈರ್ ತಗೊಳ್ಳೋಕೆ ಮೂರು ವಾರ ಬೇಕಾ? ಟೈರ್ ಅಂದ್ರೆ ಟೈರ್ ಅಲ್ವಾ? ಯಾವುದಾದ್ರೂ ಅಗ್ಗದ್ದು ಹಾಕಿಸಿ ಮುಗಿಸು.' ಓದಿ ಮೈಯೆಲ್ಲ ಉರಿದುಹೋಯಿತು. ಫೋನಿನಲ್ಲಿ ಉತ್ತರ ಕೊಟ್ಟರೆ ಅರ್ಧಕ್ಕೇ ಬಾಯಿ ಹಾಕುತ್ತೀಯ. ಕಾಗದಕ್ಕೆ ಆ ಕಾಟವಿಲ್ಲ. ಪೂರ್ತಿ ಓದು.

ನೀನು ಮನೆ ಬಿಟ್ಟು ಎಂಟು ತಿಂಗಳಾಯಿತು. ಗಂಟಲಿನ ಆಪರೇಷನ್ ಆದ ಮೇಲೆ ನಿನ್ನಮ್ಮನಿಗೆ ಉಳಿದಿರುವುದು ಪಿಸುಮಾತು ಮಾತ್ರ ಅನ್ನೋದು ನಿನಗೆ ಗೊತ್ತು. ವಾರಕ್ಕೆರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಮಾತಿನ ಅಭ್ಯಾಸ ಮಾಡಿಸುವ ಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಕಾಂಕ್ರೀಟ್ ರಸ್ತೆಯಲ್ಲಿ ನಲವತ್ತು ನಿಮಿಷದ ದಾರಿ. ನಿನಗೆ ಗೊತ್ತಿಲ್ಲದ ಸಂಗತಿ ಏನಂದರೆ, ಅತ್ತೆ ಮನೆಯಲ್ಲಿ ಬಾಯೇ ಬಿಡುವುದಿಲ್ಲ. ಏನಿದ್ದರೂ ಸ್ಲೇಟಿನಲ್ಲಿ ಬರೆದು ತೋರಿಸುತ್ತಾರೆ. ತಮ್ಮ ಸ್ವರ ಕೇಳಿ ಎದುರಿಗಿರುವವರ ಮುಖ ಒಂಥರಾ ಆಗುವುದನ್ನು ನೋಡಲಾರರು. ಕಾರಿನಲ್ಲಿ ನನ್ನ ಕಣ್ಣು ರಸ್ತೆಯ ಮೇಲೆ ತಾನೇ? ಹಾಗಾಗಿ ಅಲ್ಲಿ ಮಾತಾಡುತ್ತಿದ್ದರು. ನಲವತ್ತು ನಿಮಿಷವೂ.

ಒಂದಕ್ಷರ ನನಗೆ ಕೇಳಿಸುತ್ತಿರಲಿಲ್ಲ. ವೇಗ ಐವತ್ತು ದಾಟಿದರೆ ಸಾಕು, ಹಿಟ್ಟಿನ ಗಿರಣಿಯೊಳಗೆ ಕೂತ ಹಾಗೆ ಗುಂಯ್ ಅನ್ನುತ್ತಿತ್ತು ನಿನ್ನ ಕಾರು. ಜೋರಾಗಿ ಹೇಳಿ ಅನ್ನೋಣವೆಂದರೆ ಗಂಟಲಿಗೆ ಶ್ರಮ ಕೊಡಬಾರದು ಅಂತ ಡಾಕ್ಟರು ಹೇಳಿದ್ದಾರೆ. 'ಹೂಂ', 'ಹೌದಾ', 'ಅಯ್ಯೋ ಪಾಪ' ಅಂತ ಮೂರು ಮಾತು ಇಟ್ಟುಕೊಂಡು, ಅಂದಾಜಿನ ಮೇಲೆ ಮೂರು ತಿಂಗಳು ತಳ್ಳಿದೆ. ಕಳೆದ ತಿಂಗಳು ಒಂದು ಮಂಗಳವಾರ ಅಂದಾಜು ತಪ್ಪಿತು. ಅವರು ಏನೋ ಹೇಳಿದರು. ನಾನು 'ಒಳ್ಳೇದೇ ಆಯ್ತು ಬಿಡಿ' ಅಂದೆ. ಅವರು ಕಿಟಕಿ ಕಡೆ ಮುಖ ತಿರುಗಿಸಿದರು. ಮನೆಗೆ ಬಂದವರು ಚಪ್ಪಲಿ ಕೂಡ ಬಿಚ್ಚದೆ ಸ್ಲೇಟಿನಲ್ಲಿ ಬರೆದರು: 'ನನ್ನ ಗೆಳತಿ ತೀರಿಕೊಂಡಳು ಅಂದೆ. ನೀನು ಒಳ್ಳೇದಾಯ್ತು ಅಂದೆ.'

ನೆಲ ಬಾಯಿಬಿಟ್ಟರೆ ಇಳಿದುಬಿಡುತ್ತಿದ್ದೆ. ಕ್ಷಮೆ ಕೇಳಿದೆ. ಅವರು ಸ್ಲೇಟು ಒರೆಸಿ ಗೋಡೆಗೆ ಒರಗಿಸಿಟ್ಟರು. ಅವತ್ತಿನಿಂದ ಕಾರಿನಲ್ಲೂ ಮಾತು ನಿಂತಿತು.

ಈಗ ಹೇಳು, ಟೈರ್ ಅಂದರೆ ಟೈರ್ ಅಲ್ಲವಾ?

ಮೊದಲ ಅಂಗಡಿಯ ಮಾಲೀಕ ನನ್ನ ಬೆನ್ನ ಹಿಂದೆ ಇಣುಕಿ, ಸಾರ್ ಬರಲಿಲ್ವಾ ಅಂತ ಕೇಳಿದ. ಬರಲ್ಲ ಅಂದೆ. ಸದ್ದು ಕಡಿಮೆ ಇರೋದು ಬೇಕು ಅಂದರೆ ಅವನು ಅಗಲದ ಟೈರು ತೋರಿಸಿ, ಗಾಡಿಗೆ ಒಳ್ಳೇ ಲುಕ್ ಬರುತ್ತೆ ಮೇಡಂ ಅಂದ. ಕನ್ನಡಕದ ಅಂಗಡಿಯಲ್ಲಿ ಹದಿನಾಲ್ಕು ವರ್ಷದಿಂದ ಗಾಜು ಉಜ್ಜುತ್ತಿದ್ದೇನೆ. ಗಾಜಿನ ಮಾತೆತ್ತದೆ ಫ್ರೇಮ್ ಮಾರುವ ಆಟ ನನಗೆ ಗೊತ್ತಿಲ್ಲವೇ? ಬೆಲೆ ಕೇಳಿ ಸುಮ್ಮನೆ ಎದ್ದು ಬಂದೆ. ಎರಡನೆಯವನು ನಿನ್ನಂಥವನು. ಅಗ್ಗದ್ದೇ ಹಾಕಿಸಿ, ಸದ್ದು ಬಂದ್ರೆ ರೇಡಿಯೋ ಜೋರು ಮಾಡಿ ಅಂದ. ಟೈರಿನ ಪಕ್ಕದಲ್ಲಿ ತಯಾರಾದ ವಾರ, ವರ್ಷ ನಾಲ್ಕಂಕಿಯಲ್ಲಿ ಒತ್ತಿರುತ್ತಾರಲ್ಲ, ಬಗ್ಗಿ ನೋಡಿದರೆ ಐದು ವರ್ಷದ ಹಳೇ ಸರಕು. ರಬ್ಬರು ಮರದ ಹಲಗೆಯಂತಾಗಿತ್ತು. ನನ್ನಣ್ಣ ಗಾಳಿ ಕಡಿಮೆ ಮಾಡು ಅಂದ, ಪಕ್ಕದ ಮನೆ ಮೇಷ್ಟ್ರು ಜಾಸ್ತಿ ಮಾಡು ಅಂದರು. ಇಬ್ಬರ ಮಾತೂ ಕೇಳಿ ನನಗೇ ಗಾಳಿ ಹಿಡಿಯುವುದೊಂದು ಬಾಕಿ.

ಕೊನೆಗೆ ದಾರಿ ತೋರಿಸಿದ್ದು ಬಸ್ ನಿಲ್ದಾಣದ ಹಿಂದಿನ ಪಂಕ್ಚರ್ ಅಂಗಡಿಯ ಹೆಂಗಸು. ಎಲ್ಲರೂ ಅವಳನ್ನು ಟ್ಯೂಬಕ್ಕ ಅಂತಾರೆ. ಮಾರಾಟಕ್ಕೆ ಅವಳ ಹತ್ತಿರ ಒಂದು ಹೊಸ ಟೈರೂ ಇಲ್ಲ, ಆದ್ದರಿಂದ ಸುಳ್ಳು ಹೇಳುವ ಅಗತ್ಯವೂ ಇಲ್ಲ. ಜಾಕ್ ಹಾಕಿ ಒಂದೊಂದೇ ಚಕ್ರ ಎತ್ತಿ, ಕೈಯಲ್ಲಿ ತಿರುಗಿಸಿ ಕಿವಿಗೊಟ್ಟಳು. ಬೇರಿಂಗ್ ಸದ್ದಲ್ಲ, ಟೈರಿಂದೇ ಅಂದಳು. ಆಮೇಲೆ ನನ್ನ ಅಂಗೈ ಹಿಡಿದು ಟೈರಿನ ಮೇಲೆ ಸವರಿಸಿದಳು. ಆ ಕಡೆಯಿಂದ ಸವರಿದರೆ ನುಣುಪು, ಈ ಕಡೆಯಿಂದ ಗರಗಸ.

"ಅಲೈನ್‌ಮೆಂಟ್ ಯಾವಾಗ ಮಾಡಿಸಿದ್ದು?" ಅಂತ ಕೇಳಿದಳು.

ಗಾಡಿ ವಿಷಯ ನನಗೆ ಬಿಡು, ನಿನಗೇನು ಗೊತ್ತಾಗುತ್ತೆ ಅಂತಿದ್ದವನು ನೀನು. ನನಗೇನು ಗೊತ್ತು?

"ಹಾಗಾದ್ರೆ ಚಿನ್ನದ ಟೈರ್ ಹಾಕಿದ್ರೂ ಆರು ತಿಂಗಳಿಗೆ ಇದೇ ಕಥೆ" ಅಂದಳು. ಚಕ್ರಗಳನ್ನು ನೇರ ಮಾಡಿಸದೆ ಹೊಸದು ಹಾಕಿಸಲೇಬಾರದಂತೆ. ಅಳತೆ ಕಂಪನಿ ಕೊಟ್ಟದ್ದೇ ಇರಲಿ, ಅಗಲ ಬೇಡ. ರಸ್ತೆಗೆ ತಾಗುವ ಮೈಯಲ್ಲಿ ದಪ್ಪ ದಪ್ಪ ರಬ್ಬರ್ ಗಟ್ಟಿಗಳಿರುವುದು ಬೇಡ. ಸಣ್ಣ ಗಟ್ಟಿಗಳು, ಒಂದರ ಹಾಗೆ ಒಂದಿಲ್ಲದವು, ಇರುವ ಟೈರು ನೋಡು. ಟೈರಿಗೆ ಅಂಟಿಸಿದ ಚೀಟಿಯಲ್ಲಿ ಸದ್ದಿನ ಅಂಕಿ ಹಾಕಿದ್ದರೆ ಕಡಿಮೆ ಇರುವುದನ್ನು ಆರಿಸು. ದುಬಾರಿಯದೇ ಆಗಬೇಕಿಲ್ಲ. ಇಷ್ಟನ್ನೂ ಒಂದು ಹಳೇ ಬಿಲ್ಲಿನ ಬೆನ್ನಿಗೆ ಬರೆದುಕೊಂಡು ಇನ್ನೂ ನಾಲ್ಕು ಅಂಗಡಿ ಅಲೆದೆ. ಸಿಕ್ಕಿತು, ಮೊದಲಿನವನು ಹೇಳಿದ ಬೆಲೆಯ ಅರ್ಧಕ್ಕಿಂತ ತುಸು ಹೆಚ್ಚಿಗೆ. ಮೂರು ವಾರ ಹೋದದ್ದು ಹೀಗೆ, ಮಹಾರಾಯ.

ಚಕ್ರ ನೇರ ಮಾಡಿಸಿಕೊಂಡು, ಮೊನ್ನೆ ಶುಕ್ರವಾರ ಹೊಸ ಟೈರಿನಲ್ಲಿ ಹೊರಟೆವು. ಸದ್ದು ಪೂರ್ತಿ ಹೋಗಿದೆ ಅಂತಲ್ಲ. ಆದರೆ ಅರವತ್ತರಲ್ಲೂ ಅತ್ತೆಯ ಬಳೆ ಕೇಳಿಸಿತು. ಹತ್ತು ನಿಮಿಷ ಅವರು ತುಟಿ ಬಿಚ್ಚಲಿಲ್ಲ. ನನಗೆ ಅಳುವೇ ಬರುವ ಹಾಗಾಯಿತು: ಇಷ್ಟೆಲ್ಲ ಒದ್ದಾಡಿದ್ದು ಈ ಮೌನ ಕೇಳುವುದಕ್ಕಾ? ತಡೆಯಲಾರದೆ ನಾನೇ, ಅತ್ತೆ, ನಿಮ್ಮ ಗೆಳತಿ ಹೇಗಿದ್ದರು, ಹೇಳಿ ಅಂದೆ.

ಅವರು ನನ್ನ ಕಡೆ ತಿರುಗಿದರು. ಆಮೇಲೆ, ಮೊದಲು ಬ್ರೇಕು ಮೆಲ್ಲಗೆ ಒತ್ತೋದು ಕಲಿ, ಮೂರು ತಿಂಗಳಿಂದ ಬಡ್ಕೋತಿದ್ದೀನಿ ಅಂದರು!

ನನ್ನ ಮೂರು ತಿಂಗಳ 'ಹೂಂ', 'ಅಯ್ಯೋ ಪಾಪ'ಗಳೆಲ್ಲ ಎಲ್ಲೆಲ್ಲಿ ಬಿದ್ದಿದ್ದವೋ ನೆನೆಸಿಕೊಂಡು ನಗು ತಡೆಯಲಾಗಲಿಲ್ಲ. ಅವರೂ ನಕ್ಕರು, ಆ ನಗುವಿಗೂ ಸ್ವರವಿಲ್ಲ, ಗಾಳಿ ಮಾತ್ರ. ಆಮೇಲೆ ಗೆಳತಿಯ ಕಥೆ ಶುರುವಾಯಿತು. ಇಬ್ಬರೂ ಒಂದೇ ಸೈಕಲ್ಲಿನಲ್ಲಿ ಟೈಪಿಂಗ್ ಕ್ಲಾಸಿಗೆ ಹೋಗುತ್ತಿದ್ದರಂತೆ. ಕೊನೆಯ ಸಲ ಆಕೆ ಫೋನ್ ಮಾಡಿದಾಗ ಇವರು ಎತ್ತಲಿಲ್ಲವಂತೆ, ಈ ಸ್ವರ ಕೇಳಿಸಬಾರದು ಅಂತ. ನಾನು 'ಹೂಂ' ಕೂಡ ಅನ್ನಲಿಲ್ಲ.

ಥೆರಪಿಸ್ಟ್ ಬಾಗಿಲು ಬಂದರೂ ಕಾರು ನಿಲ್ಲಿಸದೆ ಇನ್ನೊಂದು ಸುತ್ತು ಹೊಡೆದೆ. ಕಾಲು ಗಂಟೆ ತಡವಾಗಿ ಹೋಗಿ ಬೈಸಿಕೊಂಡೆವು.

ನಿನಗೆ ತಿಳಿಯಬೇಕಾದದ್ದು ಇಷ್ಟೇ. ಆರೋಗ್ಯ ನೋಡಿಕೋ.

ಇಂತಿ,
ನಿನ್ನಮ್ಮನ ಸೊಸೆ

ತಾ.ಕ.: ಇಷ್ಟೇ ಅಂದದ್ದು ಸುಳ್ಳು. ಮುಂದಿನ ತಿಂಗಳು ಬಂದು ಅಮ್ಮನನ್ನು ನಿನ್ನ ಮನೆಗೆ ಕರೆದುಕೊಂಡು ಹೋಗುತ್ತೇನೆ ಅಂತ ಅವರಿಗೆ ಬರೆದಿದ್ದೆಯಂತೆ. ನನಗೆ ಒಂದು ಮಾತು ಹೇಳಲಿಲ್ಲ ನೀನು. ಅವರು ಹೇಳಿದರು, ವಾಪಸ್ ಬರುವಾಗ. ಹೇಳಿ, 'ನಾನು ಹೋಗಲ್ಲ, ಇಲ್ಲೇ ಇರ್ತೀನಿ' ಅಂದರು. ಏನಂದ್ರಿ ಅತ್ತೆ ಅಂತ ಕೇಳಿದೆ. ಇನ್ನೊಂದು ಸಲ ಹೇಳಿದರು. ಮತ್ತೊಂದು ಸಲ ಕೇಳಿದೆ. ಮೊದಲನೇ ಸಲವೇ ಸ್ಪಷ್ಟವಾಗಿ ಕೇಳಿಸಿತ್ತು.