ಗಾಡಿ ಒಂದೋ ಎರಡೋ

ಮೂರನೆಯ ದಿನ, ಮಧ್ಯಾಹ್ನ
ಬಚ್ಚಲುಮನೆಯಿಂದ

ಗೋಡೆಯಾಚೆಯ ಯಜಮಾನರಿಗೆ,

ನಾನು ಕ್ಷೇಮ. ನಿಮ್ಮ ಕ್ಷೇಮ ವಿಚಾರಿಸುವ ಅಗತ್ಯವಿಲ್ಲ, ಗೊರಕೆ ಇಲ್ಲಿಯವರೆಗೆ ಕೇಳಿಸುತ್ತಿದೆ.

ಪಕ್ಕದ ಕೋಣೆಯಲ್ಲಿರುವ ಗಂಡನಿಗೆ ಕಾಗದ ಬರೆಯುವ ಹೆಂಗಸು ಲೋಕದಲ್ಲಿ ನಾನೊಬ್ಬಳೇ ಇರಬೇಕು. ನಾವು ಮಾತು ಬಿಟ್ಟಿದ್ದೇವೆ ಎನ್ನುವುದು ಒಂದು ಕಾರಣ. ಮಾತಾಡಿದರೆ ಮಕ್ಕಳು ಎದ್ದುಬಿಡುತ್ತವೆ ಎನ್ನುವುದು ಅದಕ್ಕಿಂತ ದೊಡ್ಡ ಕಾರಣ. ಚೂಟಿ ಈಗಷ್ಟೇ ಮಲಗಿದ್ದಾಳೆ. ಹಾಳೆ ಮಡಿಸಿದ ಸದ್ದಿಗೂ ಕಣ್ಣು ಬಿಡುವ ಮಗಳು. ಹಾಗಾಗಿ ಸಮುದ್ರ ಕಾಣುವ ಕೋಣೆ ಹಿಡಿದ ನಾನು, ನೀರಿಲ್ಲದ ಸ್ನಾನದ ತೊಟ್ಟಿಯಲ್ಲಿ ದಿಂಬು ಹಾಕಿಕೊಂಡು ಕೂತು, ರೆಸಾರ್ಟಿನವರ ಹೆಸರು ಅಚ್ಚಾದ ಹಾಳೆಯ ಮೇಲೆ ಅವರದೇ ಪೆನ್ನಿನಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ತುಂಬಾ ಆರಾಮಾಗಿದ್ದೇನೆ. ಒಂದು ಮಗು ನೋಡಿಕೊಳ್ಳುವುದು ಒಂದು ಕೆಲಸವೇ? ಹೂವು ಎತ್ತಿದಷ್ಟು ಸಲೀಸು. ಹೂವು ನಿನ್ನೆ ನನ್ನ ಮೂಗು ಕಚ್ಚಿತು, ಅದು ಬೇರೆ ಮಾತು.

ಒಪ್ಪಂದ ನಿಮಗೆ ನೆನಪಿರಬಹುದು. ಅವತ್ತು ಸಂಜೆ ಗಾಡಿ ನಿಲ್ಲಿಸಿ ಬರುತ್ತೇನೆ ಎಂದು ಹೋದವರು ಬರಲೇ ಇಲ್ಲ. ಎರಡು ಕಂಕುಳಲ್ಲಿ ಎರಡು ಮಕ್ಕಳನ್ನು ಹೊತ್ತು ಮನೆಯಿಂದ ಕೆಳಗಿಳಿದು ಬಂದರೆ, ನೀವು ಗಾಡಿಯ ಸೀಟು ಹಿಂದಕ್ಕೆ ಬಗ್ಗಿಸಿಕೊಂಡು ಮಹಾರಾಜರ ಹಾಗೆ ಮಲಗಿದ್ದಿರಿ. ದಿನವಿಡೀ ಕೆಟ್ಟ ಲಿಫ್ಟುಗಳ ರಿಪೇರಿಯಲ್ಲಿ ಗುದ್ದಾಡಿ ಬಂದಿದ್ದಿರಿ, ಒಪ್ಪಿದೆ. ನಾನೇನು ಎಕ್ಸ್‌ರೇ ಕೋಣೆಯಲ್ಲಿ ವಿಹಾರ ಮಾಡಿ ಬಂದಿದ್ದೆನೇ? ಬೆಳಗಿನಿಂದ ಸಂಜೆಯವರೆಗೆ “ಅಲುಗಾಡಬೇಡಿ, ಉಸಿರು ಹಿಡ್ಕೊಳ್ಳಿ” ಎಂದು ಹೇಳಿ, ಆಮೇಲೆ ಅಲುಗಾಡುವುದನ್ನೇ ನಿಲ್ಲಿಸದ ಇಬ್ಬರ ಬಳಿಗೆ ಬರುವವಳು ನಾನು. “ಇಡೀ ಸಂಸಾರ ನನ್ನೊಬ್ಬಳ ತಲೆ ಮೇಲೇ ಇದೆ” ಎಂದೆ. “ಹಂಗಾದ್ರೆ ಒಬ್ಬೊಬ್ಬರನ್ನ ಹಂಚ್ಕೊಳ್ಳೋಣ, ಯಾರಿಗೆ ಎಷ್ಟು ಕಷ್ಟ ಅಂತ ಗೊತ್ತಾಗತ್ತೆ” ಎಂದಿರಿ. ಮಾತಿಗೆ ಮಾತು ಬೆಳೆದು, ನಾಲ್ಕು ದಿನ ರೆಸಾರ್ಟಿನಲ್ಲಿ ಹಾಗೆಯೇ ಇದ್ದು ನೋಡುವುದು, ನಡೆಯಿತೆಂದರೆ ಊರಿಗೆ ಹೋದ ಮೇಲೆ ಮನೆಯೂ ಎರಡು ಎನ್ನುವಲ್ಲಿಗೆ ಬಂದು ನಿಂತೆವು. ಎರಡನೆಯ ಕೋಣೆ ಅತ್ತೆಗೆಂದು ಅವರ ಹೆಸರಿನಲ್ಲೇ ಹಿಡಿದದ್ದು. ಅವರು “ನಿಮ್ಮಿಬ್ಬರ ಮಧ್ಯೆ ಬಂದು ಅಡಕತ್ತರಿಗೆ ಸಿಕ್ಕಿದ ಅಡಿಕೆ ಆಗೋಕೆ ನನ್ನ ಕೈಲಾಗಲ್ಲ, ಹೋಗ್ಬನ್ನಿ” ಎಂದು ಬಾಗಿಲು ಹಾಕಿಕೊಂಡರು. ಗುಂಡ ನಿಮ್ಮ ಪಾಲಿಗೆ, ಚೂಟಿ ನನ್ನ ಪಾಲಿಗೆ. ಸಾಮಾನು ಹಂಚಿದ ಚೆಂದವೋ! ಡಯಾಪರೆಲ್ಲ ನಿಮ್ಮ ಚೀಲದಲ್ಲಿ, ಹಾಲಿನ ಬಾಟಲಿಗಳೆಲ್ಲ ನನ್ನ ಚೀಲದಲ್ಲಿ. ಮೊದಲ ದಿನ ನಾವಿಬ್ಬರೂ ಮುಖ ಗಂಟಿಕ್ಕಿಕೊಂಡು ವ್ಯಾಪಾರಿಗಳ ಹಾಗೆ ಬಾಗಿಲಲ್ಲಿ ಅದಲುಬದಲು ಮಾಡಿಕೊಂಡೆವು.

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ಹಾಗೆಂದವರ ಮನೆಯಲ್ಲಿ ಎರಡು ವರ್ಷದ ಅವಳಿಗಳು ಇದ್ದಿರಲಾರವು. ಇಲ್ಲಿ ಉಣ್ಣುವುದೂ ಇಲ್ಲ, ಮಲಗುವುದೂ ಇಲ್ಲ, ಜಗಳ ಮುಗಿಯುವುದಾದರೂ ಹೇಗೆ?

ಸಮುದ್ರದ ವಿಷಯ. ಚೂಟಿಗೆ ಸಮುದ್ರ ಬೇಡವಂತೆ. ಅಲೆ ಬಂದರೆ “ಹೋಗು” ಎಂದು ಗದರುತ್ತಾಳೆ, ಅದು ಹೋಗುತ್ತದೆ, ಮತ್ತೆ ಬರುತ್ತದೆ, ಇವಳಿಗೆ ಅವಮಾನವಾಗಿ ಅಳು. ಮೆಟ್ಟಿಲ ಬಳಿ ಕಾಲಿನ ಮರಳು ತೊಳೆಯಲು ಒಂದು ನಲ್ಲಿ ಇದೆಯಲ್ಲ, ನಿನ್ನೆಯ ಸಂಜೆಯೆಲ್ಲ ಕಳೆದದ್ದು ಅದರ ಕೆಳಗೆ. ಅಲ್ಲಿ ನೋಡಿದರೆ ನೀವೂ ಗುಂಡನೂ! ಇಷ್ಟು ದೂರ ಬಂದು, ಇಷ್ಟು ದೊಡ್ಡ ಸಮುದ್ರಕ್ಕೆ ಬೆನ್ನು ಹಾಕಿ, ನಾಲ್ಕು ಜನ ಒಂದು ನಲ್ಲಿಯ ಮುಂದೆ ಕೂತಿದ್ದೆವು. ನೀವು ನನ್ನ ಕಡೆ ನೋಡದಿರಲು ಪಟ್ಟ ಪಾಡು ನನಗೆ ಕಾಣುತ್ತಿತ್ತು, ಏಕೆಂದರೆ ನಾನು ನೋಡುತ್ತಿದ್ದೆ.

ನಿಮ್ಮ ಬಲಗಿವಿ ಕೆಂಪಾಗಿತ್ತು. ನನ್ನ ಎಡಗಿವಿಯದೂ ಅದೇ ಕಥೆ. ಹುಟ್ಟಿದಾಗಿನಿಂದ ಒಬ್ಬರ ಕಿವಿ ಒಬ್ಬರು ಹಿಡಿದು ಮಲಗಿದ ಮಕ್ಕಳನ್ನು ಬೇರೆ ಬೇರೆ ಮಲಗಿಸಿದರೆ ಯಾರದಾದರೂ ಕಿವಿ ಬೇಕಲ್ಲ. ಇದು ಒಪ್ಪಂದ ಮಾಡುವಾಗ ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಹಗಲಲ್ಲಿ ಅವರ ಪೂರ್ತಿ ಸಂಸಾರ ಎರಡು ಕೋಣೆಗಳ ನಡುವಿನ ಬಾಗಿಲ ಕೆಳಗಿನ ಸಂದಿಯಲ್ಲೇ. ಚೂಟಿ ಕೈಗೆ ಸಿಕ್ಕಿದ್ದನ್ನೆಲ್ಲ “ಗುಂಡಂಗೆ, ಗುಂಡಂಗೆ” ಎಂದು ತಳ್ಳುತ್ತಾಳೆ. ನನ್ನ ಬಾಚಣಿಗೆ ನಿಮ್ಮಲ್ಲಿದೆ. ನಿಮ್ಮ ಒಂದು ಕಾಲುಚೀಲ ಮತ್ತು ಅರ್ಧ ಬಿಸ್ಕತ್ತು ನನ್ನಲ್ಲಿವೆ.

ಇವತ್ತು ಬೆಳಗಿನ ತಿಂಡಿಯ ಹೊತ್ತಿಗೆ ಆದದ್ದನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತಿದೆ, ತೊಟ್ಟಿಯಲ್ಲಿ ಬಾಯಿಗೆ ಟವೆಲ್ ಒತ್ತಿಕೊಂಡಿದ್ದೇನೆ. ಆ ಮೂಲೆಯಲ್ಲಿ ನೀವು, ಈ ಮೂಲೆಯಲ್ಲಿ ನಾನು, ನಡುವಿನ ಅಷ್ಟೂ ಜನರ ತಲೆಯ ಮೇಲೆ ನಮ್ಮ ಮಕ್ಕಳ ಕಿರುಚಾಟ. ಪಾಪ, ಬಡಿಸುವವರು ತಾಳಲಾರದೆ ನನ್ನ ಕುರ್ಚಿಯನ್ನು ತಂದು ನಿಮ್ಮ ಮೇಜಿಗೆ ಹಾಕಿಯೇಬಿಟ್ಟರು. “ಮಕ್ಕಳು ಎಷ್ಟು ಬೇಗ ದೋಸ್ತಿ ಆಗ್ಬಿಟ್ವು ನೋಡಿ ಮೇಡಂ! ಇವರೂ ನಿಮ್ ಥರಾನೇ ಮಗು ಕರ್ಕೊಂಡು ಒಬ್ರೇ ಬಂದಿದಾರೆ, ಪರಿಚಯ ಮಾಡ್ಕೊಳ್ಳಿ” ಎಂದರು. ನೀವು ಎದ್ದು ನಿಂತು, ಗಂಭೀರವಾಗಿ, “ಸಂತೋಷ” ಎಂದಿರಿ. ಗಲ್ಲದ ಮೇಲೆ ಬಾಳೆಹಣ್ಣು ಮೆತ್ತಿಕೊಂಡಿತ್ತು. ಒರೆಸಲು ನನ್ನ ಕೈ ಅರ್ಧ ಹೋಗಿ ವಾಪಸ್ ಬಂತು. ಪರಿಚಯವಾದ ಮೊದಲ ದಿನವೇ ಹಾಗೆ ಮಾಡಿದರೆ ಜನ ಏನೆಂದಾರು?

ಆಮೇಲೆ ಕೆಳಗಿನ ಕೌಂಟರಿನವನು ನನ್ನನ್ನು ಕರೆದ. ನಾಳೆ ಸ್ಟೇಷನ್ನಿಗೆ ಗಾಡಿ ಹೇಳಬೇಕಂತೆ. “ಆ ಪಕ್ಕದ ರೂಮಿನ ಸರ್‌ಗೂ ಅದೇ ರೈಲು. ಅಪರಿಚಿತರು ಅಂತ ನಿಮಗೆ ಬೇಜಾರಿಲ್ಲ ಅಂದ್ರೆ ಒಂದೇ ಗಾಡಿ ಹೇಳ್ಬೋದು, ಇಲ್ಲಾಂದ್ರೆ ಎರಡು” ಎಂದ. ಅವನು ಕೇಳಿದ್ದು ಬರೀ ಗಾಡಿಯ ಲೆಕ್ಕವನ್ನು. ನನಗೆ ಮಾತ್ರ ಅದು ಮನೆಯ ಲೆಕ್ಕವಾಗಿ ಕೇಳಿಸಿತು. ಎರಡು ಗಾಡಿಯಲ್ಲಿ ಹೊರಟವರು ಎರಡು ಮನೆಗೆ ಇಳಿಯುತ್ತಾರೆ. ಆಮೇಲೆ ನಮ್ಮ ಮಕ್ಕಳು ಯಾವ ಬಾಗಿಲ ಸಂದಿಯಲ್ಲಿ ಬಿಸ್ಕತ್ತು ತಳ್ಳಬೇಕು?

ಅದಕ್ಕೇ ಈ ಕಾಗದ. ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ತೊಟ್ಟಿಗೆ ಬಂದು ಕೂತು ತುಂಬಾ ಹೊತ್ತಾಯಿತು. ಬರೆಯಲೆಂದೇನೂ ಬಂದವಳಲ್ಲ. ಬಾಗಿಲು ಮುಂದೆ ಮಾಡಿಕೊಂಡು, ಯಾರೂ ಮೈಮೇಲೆ ಹತ್ತದ ಕಡೆ, ಸುಮ್ಮನೆ ಗೋಡೆ ನೋಡುತ್ತ ಕೂರಲು ಬಂದೆ. ಹಾಯೆನಿಸಿತು. ಆಗ ನೀವು ಗಾಡಿಯಲ್ಲಿ ಮಲಗಿದ್ದು ಕಣ್ಣ ಮುಂದೆ ಬಂತು, ಕೋಪ ಮಾತ್ರ ಬರಲಿಲ್ಲ.

ಹಾಗೆಂದು ಕರಗಿಬಿಟ್ಟೆ ಎಂದುಕೊಳ್ಳಬೇಡಿ. ಎರಡು ಗಾಡಿ ಎಂದರೆ ಎರಡು. ನಾನು ಒಬ್ಬಳೇ ಸಂಭಾಳಿಸಬಲ್ಲೆ. ಯೋಚಿಸಿ ತಿಳಿಸಿ.

ಇಂತಿ,
ನಿಮ್ಮ ಪಕ್ಕದ ಕೋಣೆಯವಳು

ತಾ.ಕ.: ಕಾಗದ ಮಡಿಸಿ ಎದ್ದರೆ ಬಾಗಿಲು ತೆಗೆಯುತ್ತಿಲ್ಲ. ಚೂಟಿ ಎದ್ದು ಹೊರಗಿನಿಂದ ಚಿಲಕ ಹಾಕಿದ್ದಾಳೆ. ಬಚ್ಚಲಿಗೆ ಹೊರಗೊಂದು ಚಿಲಕ, ಅದೂ ಇವಳ ಕೈಗೆಟಕುವಷ್ಟು ಕೆಳಗೆ, ಯಾವ ಪುಣ್ಯಾತ್ಮ ಇಟ್ಟನೋ! ತೆಗೆಯೇ ಎಂದರೆ “ಅಮ್ಮ ಜೋ ಜೋ” ಎಂದು ನನ್ನನ್ನೇ ಮಲಗಿಸುತ್ತಿದ್ದಾಳೆ. ಬಾಲ್ಕನಿಗೆ ಬೀಗ ಇದೆ, ಗಾಬರಿ ಬೇಡ. ಕೂಗಿ ನೋಡಿದೆ, ನಿಮ್ಮ ಗೊರಕೆಯನ್ನು ಮೀರಲಾಗಲಿಲ್ಲ. ಕಾಗದವನ್ನು ಬಚ್ಚಲ ಬಾಗಿಲ ಕೆಳಗೆ ತಳ್ಳಿ “ಗುಂಡಂಗೆ” ಎನ್ನುತ್ತೇನೆ, ಉಳಿದದ್ದನ್ನು ಅವಳು ನೋಡಿಕೊಳ್ಳುತ್ತಾಳೆ. ಗುಂಡ ತಿನ್ನದೆ ನಿಮ್ಮ ಕೈಗೆ ಕೊಟ್ಟರೆ ಓಡಿ ಬನ್ನಿ. ನಡುವಿನ ಬಾಗಿಲಿಗೆ ನನ್ನ ಕಡೆಯಿಂದ ಚಿಲಕ ಹಾಕಿಲ್ಲ, ಯಾವತ್ತೂ ಹಾಕಿರಲಿಲ್ಲ. ಸಂಭಾಳಿಸಬಲ್ಲೆ ಎಂದು ಬರೆದ ಸಾಲನ್ನು ನೀವೇ ಹೊಡೆದುಹಾಕಿ.

ಗಾಡಿ ಒಂದೇ ಎಂದು ಬೆಳಿಗ್ಗೆಯೇ ಹೇಳಿ ಬಂದಿದ್ದೇನೆ. ಅಪರಿಚಿತರ ಜತೆ ನಿಜವಾಗಲೂ ಬೇಜಾರಿಲ್ವಾ ಮೇಡಂ ಎಂದು ಕೌಂಟರಿನವನು ಮತ್ತೊಮ್ಮೆ ಕೇಳಿದ. ಪರವಾಗಿಲ್ಲ, ಮುಖಪರಿಚಯ ಇದೆ ಎಂದೆ.